ಜಾನ್ ವಾನ್ ನ್ಯೂಮನ್: ಜೀವಕೋಶದಿಂದ ಕಲಿತ ಗಣಿತ

ಗಣಿತಜ್ಞ ಜಾನ್ ವಾನ್ ನ್ಯೂಮನ್ ಇಂದು ಗಣಕಯಂತ್ರದ ರಚನೆಯನ್ನು ರೂಪಿಸಿದವರೆಂದು ಪರಿಚಿತರು. ಆದರೆ ಅವರ ಕೊನೆಯ ವರ್ಷಗಳನ್ನು ಕಾಡಿದ ಪ್ರಶ್ನೆ ಜೀವಲೋಕಕ್ಕೆ ಸೇರಿದ್ದು.

ಅವರು ಹುಟ್ಟಿದ್ದು 1903ರ ಡಿಸೆಂಬರ್ 28ರಂದು, ಹಂಗೇರಿಯ ಬುಡಾಪೆಸ್ಟ್‌ನ ಸಿರಿವಂತ ಯಹೂದಿ ಮನೆತನದಲ್ಲಿ. ಗಣಿತವನ್ನು ನಂಬಿ ಬದುಕುವುದು ಕಷ್ಟವೆಂದು ತಂದೆ ಅಳುಕಿದ್ದರಿಂದ ಜ್ಯೂರಿಕ್‌ನಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಓದಿದರು; ಜೊತೆಗೇ 1926ರಲ್ಲಿ ಬುಡಾಪೆಸ್ಟ್‌ನಲ್ಲಿ ಗಣಿತದ ಡಾಕ್ಟರೇಟನ್ನೂ ಪಡೆದರು. 1930ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ಗೆ ಬಂದರು. ಯುದ್ಧಕಾಲದಲ್ಲಿ ಅಣುಬಾಂಬ್ ಯೋಜನೆಗೆ ದುಡಿದರು. 1945ರಲ್ಲಿ ಎಡ್ವ್ಯಾಕ್ ಗಣಕದ ವರದಿ ಬರೆದಾಗ ಯಂತ್ರದ ಬಿಡಿಭಾಗಗಳನ್ನು ನರಕೋಶಗಳಿಗೆ ಹೋಲಿಸಿದರು. ಆ ಯಂತ್ರಕ್ಕಾಗಿ ಶ್ರಮಿಸಿದ್ದ ಎಕರ್ಟ್ ಮತ್ತು ಮಾಚ್ಲಿ ಅವರ ಹೆಸರುಗಳು ಲೇಖಕರ ಸ್ಥಾನದಲ್ಲಿರಲಿಲ್ಲ. ಆ ನೋವು ಬಹುಕಾಲ ಉಳಿಯಿತು.

ಯಂತ್ರವು ತನಗಿಂತ ಸರಳವಾದುದನ್ನೇ ತಯಾರಿಸುತ್ತದೆ. ಜೀವಿಯಾದರೋ ತನ್ನಷ್ಟೇ ಸಂಕೀರ್ಣವಾದ ಸಂತಾನವನ್ನು ಪಡೆಯುತ್ತದೆ. ಇದು ಯಂತ್ರಕ್ಕೂ ಸಾಧ್ಯವೇ? 1948ರಲ್ಲಿ ಪಸಡೀನಾದಲ್ಲಿ, ಮರುವರ್ಷ ಇಲಿನಾಯ್‌ನಲ್ಲಿ ನೀಡಿದ ಉಪನ್ಯಾಸಗಳಲ್ಲಿ ಅವರು ಸಾಧ್ಯವೆಂದು ತರ್ಕಿಸಿದರು. ಯಂತ್ರದೊಳಗೆ ಅದರದೇ ವಿವರಣೆಯಿರುವ ಒಂದು ಪಟ್ಟಿಯಿರಬೇಕು. ಆ ಪಟ್ಟಿಯನ್ನು ಒಮ್ಮೆ ಆದೇಶವೆಂದು ಓದಿ ಮರಿಯಂತ್ರವನ್ನು ಕಟ್ಟಬೇಕು. ಇನ್ನೊಮ್ಮೆ ಅರ್ಥಮಾಡಿಕೊಳ್ಳದೆ ಯಥಾವತ್ತಾಗಿ ನಕಲಿಸಿ ಮರಿಗೆ ಕೊಡಬೇಕು. ಡಿಎನ್‌ಎಯ ರಚನೆ ಬೆಳಕಿಗೆ ಬಂದದ್ದು 1953ರಲ್ಲಿ. ಜೀವಕೋಶವೂ ಇದೇ ಎರಡು ಕೆಲಸಗಳನ್ನು ಮಾಡುತ್ತದೆಂಬುದು ಆಮೇಲೆ ತಿಳಿಯಿತು. ಗೆಳೆಯ ಉಲಾಮ್ ಅವರ ಸಲಹೆಯಂತೆ ಈ ತರ್ಕವನ್ನು ಚೌಕಗಳ ಹಾಸಿನ ಮೇಲೆ ಇಳಿಸಿದರು. ಅಲ್ಲಿ ಪ್ರತಿ ಚೌಕಕ್ಕೆ 29 ಸ್ಥಿತಿಗಳು. ಯಾವ ಚೌಕವೂ ತನ್ನ ನೆರೆಯನ್ನಲ್ಲದೆ ಬೇರೇನನ್ನೂ ಕಾಣದು.

ಆ ಹಸ್ತಪ್ರತಿ ಮುಗಿಯಲಿಲ್ಲ. 1955ರಲ್ಲಿ ಕ್ಯಾನ್ಸರ್ ಪತ್ತೆಯಾಯಿತು. 1957ರ ಫೆಬ್ರವರಿ 8ರಂದು, 53ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಸಹೋದ್ಯೋಗಿ ಆರ್ಥರ್ ಬರ್ಕ್ಸ್ ಅದನ್ನು ಪೂರ್ಣಗೊಳಿಸಿ 1966ರಲ್ಲಿ ಪ್ರಕಟಿಸಿದರು.

ತನ್ನನ್ನೇ ನಕಲಿಸಿಕೊಳ್ಳುವ ಕ್ರಮವಿಧಿ ಮುಂದೆ ಉಪದ್ರವವಾಯಿತು. 1984ರಲ್ಲಿ ಫ್ರೆಡ್ ಕೊಹೆನ್ ತಮ್ಮ ಪ್ರಬಂಧದಲ್ಲಿ ಅದನ್ನು ವೈರಸ್ ಎಂದು ಕರೆದು ವಿಶ್ಲೇಷಿಸಿದರು. ಮದ್ದೂ ಅದೇ ಪರಂಪರೆಯಿಂದ ಬಂತು. ಬರ್ಕ್ಸ್ ಅವರ ಶಿಷ್ಯ ಜಾನ್ ಹಾಲೆಂಡ್ ವಿಕಾಸವನ್ನು ಅನುಕರಿಸುವ ಜೆನೆಟಿಕ್ ಆಲ್ಗಾರಿದಮ್‌ಗಳನ್ನು ರೂಪಿಸಿದರು. ಹಾಲೆಂಡರ ಶಿಷ್ಯೆ ಸ್ಟೆಫನಿ ಫಾರೆಸ್ಟ್ 1994ರಲ್ಲಿ ಸಂಗಡಿಗರೊಂದಿಗೆ ದೇಹದ ರೋಗನಿರೋಧ ವ್ಯವಸ್ಥೆಯನ್ನೇ ಮಾದರಿಯಾಗಿಟ್ಟುಕೊಂಡರು: ಯಾದೃಚ್ಛಿಕವಾಗಿ ಹುಟ್ಟಿಸಿದ ಶೋಧಕಗಳಲ್ಲಿ ಸ್ವಂತ ದತ್ತಾಂಶಕ್ಕೆ ಹೊಂದುವುದನ್ನು ಕಳೆದು, ಉಳಿದುದನ್ನು ಕಾವಲಿಗೆ ನಿಲ್ಲಿಸುವುದು ಅವರ ವಿಧಾನ. ಜಾಲದಲ್ಲಿ ದಾರಿ ಹುಡುಕಲು ಇರುವೆಗಳ ನಡೆಯನ್ನು ಅನುಸರಿಸಿದ ಆಂಟ್‌ನೆಟ್ ವಿಧಾನವನ್ನು ಡಿ ಕಾರೊ ಮತ್ತು ಡೊರಿಗೊ 1998ರಲ್ಲಿ ವಿವರಿಸಿದರು. ಅದು ಈ ಶಿಷ್ಯಪರಂಪರೆಯದಲ್ಲ. ಆದರೂ ಒಡೆಯನಿಲ್ಲದೆ, ನೆರೆಹೊರೆಯ ಸುಳಿವಿನಿಂದಲೇ ಇಡೀ ವ್ಯವಸ್ಥೆ ನಡೆಯಬಲ್ಲದೆಂಬ ನೋಟ ಎರಡರಲ್ಲೂ ಒಂದೇ.

ವಾನ್ ನ್ಯೂಮನ್ ಇವು ಯಾವುದನ್ನೂ ಕಾಣಲಿಲ್ಲ. ರೋಗಕ್ಕೂ ಮದ್ದಿಗೂ ತಳಹದಿಯಾದ ತರ್ಕವನ್ನು ಬರೆದಿಟ್ಟು ಹೋದರು.