ಕಾರಿನ ಬಣ್ಣ ಕಾಯುವ ಪಾರದರ್ಶಕ ಫಿಲ್ಮ್: ಇದರ ಹಿಂದಿರುವ ಒಟ್ಟೊ ಬಾಯರ್ ಯಾರು?

ಹೊಸ ಕಾರು ಬುಕ್ ಮಾಡಿದವರ ಫೋನಿಗೆ ಬರುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಬಾನೆಟ್ ಮೇಲೆ ಬ್ರಷ್ಷಿನಿಂದ ಗೀಚುತ್ತಾರೆ, ಮೇಲೆ ಬಿಸಿನೀರು ಸುರಿಯುತ್ತಾರೆ, ಗೀರು ಮಾಯ! ಕೆಳಗೆ ಒಂದು ಸಾಲು, ಪಿಪಿಎಫ್ ಹಾಕಿಸಿದರೆ ಜೀವಮಾನವಿಡೀ ಬಣ್ಣದ ಚಿಂತೆಯಿಲ್ಲ ಎಂದು. ಪಿಪಿಎಫ್ ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಕಾರಿನ ಬಣ್ಣದ ಮೇಲೆ ಅಂಟಿಸುವ ಗಾಜಿನಂಥ ತೆಳು ಹಾಳೆ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯವರಿಗೆ ಈ ವಿಡಿಯೋ ಸ್ವಲ್ಪ ಜಾಸ್ತಿಯೇ ನಾಟುತ್ತದೆ. ಶಿಗ್ಗಾಂವಿ ತಾಲೂಕನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮುಂದಿನ ಲಾರಿಯ ಗಾಲಿಯಿಂದ ಜಲ್ಲಿ ಸಿಡಿಯುತ್ತದೆ. ಒಳರಸ್ತೆಗೆ ಇಳಿದರೆ ಧೂಳು, ಸುಗ್ಗಿಯಲ್ಲಿ ಡಾಂಬರಿನ ಮೇಲೇ ಹರವಿದ ಗೋವಿನಜೋಳ, ಎದುರಿಗೆ ತುಂಬಿದ ಟ್ರ್ಯಾಕ್ಟರ್. ಇಡೀ ಕಾರಿಗೆ ಫಿಲ್ಮ್ ಹಾಕಿಸುವ ಖರ್ಚು ಲಕ್ಷದ ಆಚೀಚೆ ಹೋಗುತ್ತದೆ. ಹಾಕಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು ಆ ಹಾಳೆ ಏನು, ಎಲ್ಲಿಂದ ಬಂತು ಎಂದು ತಿಳಿಯೋಣ. ಅದಕ್ಕೆ ಜರ್ಮನಿಯ ಒಬ್ಬ ರಸಾಯನಶಾಸ್ತ್ರಜ್ಞನ ಬದುಕನ್ನು ನೋಡಬೇಕು. ಹೆಸರು ಒಟ್ಟೊ ಬಾಯರ್.

ಹೆಸರು ಎಲ್ಲೋ ಕೇಳಿದಂತಿದೆ ಅನ್ನಿಸಿತೇ? ನಮ್ಮ ಹತ್ತಿ, ಗೋವಿನಜೋಳದ ರೈತರು ಕೀಟನಾಶಕದ ಡಬ್ಬಿಯ ಮೇಲೆ ವೃತ್ತದೊಳಗೆ ಅಡ್ಡಲಾಗಿಯೂ ಉದ್ದಕ್ಕೂ ಬರೆದ ಬೇಯರ್ ಎಂಬ ಹೆಸರು ನೋಡಿರುತ್ತಾರೆ. ಆಸ್ಪಿರಿನ್ ಮಾತ್ರೆಯ ಕಂಪನಿಯೂ ಅದೇ. ಒಟ್ಟೊ ಕೆಲಸ ಮಾಡಿದ್ದೂ ಅಲ್ಲಿಯೇ. ಹೀಗಾಗಿ ಅವರು ಆ ಕಂಪನಿಯ ಮಾಲೀಕರ ಮನೆತನದವರು ಎಂದು ಬಹಳ ಜನ ತಿಳಿದಿದ್ದಾರೆ. ಇದು ತಪ್ಪು. ಕಂಪನಿಯನ್ನು 1863ರಲ್ಲಿ ಶುರು ಮಾಡಿದವರಲ್ಲಿ ಒಬ್ಬರು ಬಣ್ಣದ ವ್ಯಾಪಾರಿ ಫ್ರೀಡ್ರಿಶ್ ಬಾಯರ್. ಕೃತಕ ನೀಲಿ ಬಣ್ಣ ಕಂಡುಹಿಡಿದು 1905ರಲ್ಲಿ ನೊಬೆಲ್ ಪಡೆದವರು ಅಡಾಲ್ಫ್ ಫಾನ್ ಬಾಯರ್. ಒಟ್ಟೊ ಮೂರನೆಯವರು, ಕಂಪನಿ ಕಟ್ಟಿದ ಮನೆತನಕ್ಕೂ ಅವರಿಗೂ ನಂಟಿಲ್ಲ. ನಮ್ಮಲ್ಲಿ ಪಾಟೀಲರೆಲ್ಲ ಒಂದೇ ಮನೆಯವರಲ್ಲವಲ್ಲ, ಹಾಗೆ.

ಒಟ್ಟೊ ಹುಟ್ಟಿದ್ದು 1902ರ ನವೆಂಬರ್ 4ರಂದು, ಫ್ರಾಂಕ್‌ಫರ್ಟ್ ನಗರದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಓದಿ 1924ರಲ್ಲಿ, ಇಪ್ಪತ್ತೆರಡು ತುಂಬುವ ಹೊತ್ತಿಗೆ, ಡಾಕ್ಟರೇಟ್ ಪಡೆದರು. ಊರಲ್ಲೇ ಇದ್ದ ಕಾಸೆಲ್ಲಾ ಎಂಬ ಬಣ್ಣದ ಕಾರ್ಖಾನೆಯಲ್ಲಿ ಕೆಲಸ. 1925ರಲ್ಲಿ ಜರ್ಮನಿಯ ದೊಡ್ಡ ರಸಾಯನ ಕಂಪನಿಗಳು ಕೂಡಿ ಐ.ಜಿ. ಫಾರ್ಬೆನ್ ಎಂಬ ಒಂದೇ ದೈತ್ಯ ಸಂಸ್ಥೆಯಾದವು. ಬೇಯರ್ ಕಂಪನಿಯೂ ಅದರೊಳಗೆ ಸೇರಿತು. ಒಟ್ಟೊ 31ನೇ ವಯಸ್ಸಿನಲ್ಲಿ ಲೆವರ್‌ಕುಸೆನ್ ಊರಿನ ಮುಖ್ಯ ಸಂಶೋಧನಾಲಯದ ಮುಖ್ಯಸ್ಥರಾದರು. ಅಷ್ಟು ಚಿಕ್ಕ ವಯಸ್ಸಿಗೆ ಅದು ದೊಡ್ಡ ಕುರ್ಚಿ.

ಆಗ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವಾಲೇಸ್ ಕೆರೋದರ್ಸ್ ನೈಲಾನ್ ಮಾಡಿದ್ದರು. ಪೇಟೆಂಟ್ ಅವರ ಕೈಯಲ್ಲಿ. ಜರ್ಮನ್ನರಿಗೆ ಬೇರೆ ದಾರಿ ಬೇಕಿತ್ತು. ನೈಲಾನ್ ಆಗುವಾಗ ಸಣ್ಣ ಅಣುಗಳು ಒಂದಕ್ಕೊಂದು ಕೂಡಿ ಉದ್ದ ಸರಪಳಿಯಾಗುತ್ತವೆ, ಪ್ರತಿ ಕೂಡಿಕೆಯಲ್ಲೂ ಒಂದು ನೀರಿನ ಅಣು ಹೊರಬೀಳುತ್ತದೆ. ಏನೂ ಹೊರಬೀಳದಂತೆ, ಸುಮ್ಮನೆ ಕೂಡಿಸುತ್ತಲೇ ಹೋದರೆ ಹೇಗೆ ಎಂದು ಒಟ್ಟೊ ಯೋಚಿಸಿದರು. ಅದಕ್ಕೆ ಅವರು ಆರಿಸಿಕೊಂಡದ್ದು ಐಸೊಸಯನೇಟ್ ಎಂಬ ಬಲು ಚುರುಕಿನ ರಾಸಾಯನಿಕವನ್ನು. ಆಲ್ಕೋಹಾಲ್ ಗುಂಪು ಸಿಕ್ಕರೆ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಒಂದೇ ಕೈ ಇರುವವರು ಸಾಲಿನ ಕೊನೆಯಲ್ಲಿ ಮಾತ್ರ ನಿಲ್ಲಬಹುದು. ಎರಡೂ ಕೈ ಇದ್ದವರು ಆಚೆ ಈಚೆ ಹಿಡಿದು ಸಾಲನ್ನು ಬೆಳೆಸುತ್ತಾರೆ. ಅಣುಗಳೂ ಹಾಗೇ. ಎರಡು ಕೈಯ ಐಸೊಸಯನೇಟ್, ಎರಡು ಕೈಯ ಆಲ್ಕೋಹಾಲ್, ಎರಡೂ ಸೇರಿದರೆ ಮುಗಿಯದ ಸರಪಳಿ. ಅದೇ ಪಾಲಿಯುರಿಥೇನ್. ಸಹೋದ್ಯೋಗಿಗಳು ಮೊದಲು ನಂಬಲಿಲ್ಲ. ಎರಡು ಕೈಯ ಐಸೊಸಯನೇಟ್ ಸಿಗುವುದೇ ಕಷ್ಟ, ಸಿಕ್ಕರೂ ಕೈಯಲ್ಲಿ ಹಿಡಿಯುವುದು ಅಪಾಯ, ಇದರಿಂದ ಉಪಯೋಗವಿಲ್ಲ ಎಂಬ ಮಾತು ಕೇಳಿಬಂತು. ಒಟ್ಟೊ ಮತ್ತು ಹೈನ್ರಿಶ್ ರಿಂಕೆ ಮೊದಲಾದ ಜೊತೆಗಾರರು ಬಿಡಲಿಲ್ಲ. 1937ರ ನವೆಂಬರ್ 13ರಂದು ಪೇಟೆಂಟ್ ಅರ್ಜಿ ಹೋಯಿತು.

ಅದೇ 1937ರಲ್ಲಿ ಇತ್ತ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪಿಸಿದರು. ಮತದಾನದ ಶಾಯಿಗೆ ಹೆಸರಾದ ಇಂದಿನ ಮೈಸೂರು ಪೇಂಟ್ಸ್ ಅದೇ. ಅರಗು ಅಂದರೆ ಕೀಟ ಒಸರುವ ರಾಳ. ಚನ್ನಪಟ್ಟಣದ ಗೊಂಬೆ ಮಿರುಗುವುದು ಅದರಿಂದಲೇ. ಬಣ್ಣದ ಮೇಲೆ ಪಾರದರ್ಶಕ ಪದರ ಕೊಟ್ಟು ಕಾಯುವ ವಿದ್ಯೆ ನಮಗೆ ಹೊಸದಲ್ಲ ಎನ್ನಲಿಕ್ಕೆ ಇದನ್ನು ನೆನೆಸಿದೆವು. ಆದರೆ ಅರಗು ಬಿಸಿಗೆ ಮೆದುವಾಗುತ್ತದೆ, ಸ್ಪಿರಿಟ್ ತಾಗಿದರೆ ಕರಗುತ್ತದೆ. ಮೇ ತಿಂಗಳ ಬಿಸಿಲಲ್ಲಿ ನಿಂತ ಕಾರಿನ ಮೇಲೆ ಅದು ನಿಲ್ಲದು.

ಒಟ್ಟೊ ಅವರ ವಸ್ತುವೂ ಮೊದಲಿಗೆ ಕೈಕೊಟ್ಟಿತು. 1941ರ ಸುಮಾರಿಗೆ ಪರೀಕ್ಷೆಗೆ ಕಳಿಸಿದ ತುಂಡಿನ ತುಂಬ ಗುಳ್ಳೆಗಳು. ಹೆಚ್ಚೆಂದರೆ ತೂತಿನ ಚೀಸ್‌ನ ನಕಲು ಮಾಡಲು ಬಂದೀತು ಎಂದು ಪರೀಕ್ಷಕರು ಅಣಕಿಸಿ ವಾಪಸ್ ಕಳಿಸಿದರು ಎಂಬ ಕಥೆ ಆ ಉದ್ಯಮದಲ್ಲಿ ಇಂದಿಗೂ ಓಡಾಡುತ್ತದೆ. ಐಸೊಸಯನೇಟ್‌ಗೆ ನೀರು ಸೋಕಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಗುಳ್ಳೆಗೆ ಅದೇ ಕಾರಣ. ಒಟ್ಟೊ ತಂಡ ಈ ದೋಷವನ್ನೇ ಹಿಡಿದು ಬೇಕೆಂದೇ ಗುಳ್ಳೆ ಎಬ್ಬಿಸಿತು. ನಿಮ್ಮ ಕಾರಿನ ಸೀಟು, ಮನೆಯ ಸೋಫಾ, ಬಸ್ಸಿನ ಆಸನದೊಳಗಿನ ಸ್ಪಂಜು ಆ ಗುಳ್ಳೆಯ ಸಂತಾನ.

ಒಂದು ಸಂಗತಿಯನ್ನು ಇಂಥ ಜೀವನಕಥೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ನಾವು ಬಿಡುವುದಿಲ್ಲ. ಇದೆಲ್ಲ ನಡೆದದ್ದು ಹಿಟ್ಲರನ ಕಾಲದಲ್ಲಿ. ಐ.ಜಿ. ಫಾರ್ಬೆನ್ ಸಂಸ್ಥೆ ಆಶ್ವಿಟ್ಜ್ ಬಳಿ ಕೃತಕ ರಬ್ಬರ್ ಕಾರ್ಖಾನೆ ಕಟ್ಟಿ ಶಿಬಿರದ ಕೈದಿಗಳನ್ನು ಗುಲಾಮರಂತೆ ದುಡಿಸಿತು. ಯುದ್ಧದ ನಂತರ ನ್ಯೂರೆಂಬರ್ಗ್‌ನಲ್ಲಿ ಅದರ ಮುಖ್ಯಸ್ಥರ ವಿಚಾರಣೆ ನಡೆದು ಹಲವರಿಗೆ ಜೈಲಾಯಿತು. ಆರೋಪಿಗಳ ಪಟ್ಟಿಯಲ್ಲಿ ಒಟ್ಟೊ ಇರಲಿಲ್ಲ. ಆದರೂ ಪಾಲಿಯುರಿಥೇನ್ ಹುಟ್ಟಿದ ಮನೆ ಯಾವುದು ಎಂಬುದು ಗೊತ್ತಿರಬೇಕು. ಸಂಸ್ಥೆಯನ್ನು ಒಡೆದ ಮೇಲೆ 1951ರಲ್ಲಿ ಬೇಯರ್ ಮತ್ತೆ ಬೇರೆ ಕಂಪನಿಯಾಯಿತು.

ಪೇಂಟ್ ಅಂಗಡಿಯ ಮಾತು

ಪಾಲಿಯುರಿಥೇನ್‌ನ ಇನ್ನೊಂದು ಕವಲು ಬಣ್ಣ. ಎರಡು ಡಬ್ಬಿ, ಒಂದರಲ್ಲಿ ರಾಳ, ಇನ್ನೊಂದರಲ್ಲಿ ಹಾರ್ಡನರ್. ಕೂಡಿಸಿ ಹೊಡೆದರೆ ಗಟ್ಟಿಯಾದ ಹೊಳೆಯುವ ಪದರ. ಗ್ಯಾರೇಜಿನಲ್ಲಿ ಪಿ.ಯು. ಪೇಂಟ್ ಅಂತಾರಲ್ಲ, ಅದು. ಆ ಹಾರ್ಡನರ್ ಡಬ್ಬಿಯಲ್ಲಿ ಇರುವುದೇ ಐಸೊಸಯನೇಟ್.

ಇಲ್ಲಿ ಎರಡು ಗಾಬರಿಗಳನ್ನು ಬಿಡಿಸಿ ನೋಡಬೇಕು. 1984ರಲ್ಲಿ ಭೋಪಾಲದಲ್ಲಿ ಸಾವಿರಾರು ಜನರನ್ನು ಕೊಂದದ್ದು ಮೀಥೈಲ್ ಐಸೊಸಯನೇಟ್. ಅದು ಕೀಟನಾಶಕ ತಯಾರಿಸಲು ಇಟ್ಟಿದ್ದ ಬೇರೆ ರಾಸಾಯನಿಕ, ಬಣ್ಣಕ್ಕೂ ಫಿಲ್ಮ್‌ಗೂ ಬಳಸುವುದಲ್ಲ. ಕಾರಿಗೆ ಅಂಟಿಸಿದ ಫಿಲ್ಮ್‌ನಲ್ಲಿ ಕೂಡಿಕೆ ಕಾರ್ಖಾನೆಯಲ್ಲೇ ಮುಗಿದಿರುತ್ತದೆ, ಕೂತು ಓಡಾಡುವವರು ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಸ್ಪ್ರೇ ಗನ್ ಹಿಡಿದ ಹುಡುಗನಿಗಾಗಿ. ಸಣ್ಣ ಊರಿನ ಗ್ಯಾರೇಜುಗಳಲ್ಲಿ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಪಿ.ಯು. ಹೊಡೆಯುವುದನ್ನು ನಾವೆಲ್ಲ ನೋಡಿದ್ದೇವೆ. ಬಟ್ಟೆ ಆ ಮಂಜನ್ನು ತಡೆಯುವುದಿಲ್ಲ. ಐಸೊಸಯನೇಟ್ ಪೇಂಟರುಗಳಿಗೆ ಆಸ್ತಮಾ ತರುತ್ತದೆ, ಇದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ಕಾಯಿಲೆ. ಉಬ್ಬಸ ಕೆಲಸದ ಹೊತ್ತಿಗೇ ಬರಬೇಕೆಂದಿಲ್ಲ, ಸಂಜೆಯೋ ರಾತ್ರಿಯೋ ಕೆಮ್ಮಾಗಿ ಕಾಡಬಹುದು, ರಜೆಯಲ್ಲಿ ಕಡಿಮೆಯಾಗಬಹುದು. ಹೀಗಾಗಿ ಧೂಳಿನ ಅಲರ್ಜಿ ಎಂದು ತಿಳಿದು ಸುಮ್ಮನಾಗುತ್ತಾರೆ. ಒಮ್ಮೆ ದೇಹ ಅದಕ್ಕೆ ಸಿಡಿಯಲು ಶುರುವಾದರೆ ಮುಂದೆ ಲವಲೇಶ ಸಾಕು. ಬೇಕಾದದ್ದು ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತರುವ ಮುಖಕವಚ, ಗಾಳಿ ಎಳೆದು ಹಾಕುವ ಬೂತ್, ಕೈಗವಸು. ನಿಮ್ಮ ಮನೆಯ ಹುಡುಗ ಪೇಂಟ್ ಕೆಲಸದಲ್ಲಿದ್ದು ರಾತ್ರಿ ಕೆಮ್ಮುತ್ತಿದ್ದರೆ ಡಾಕ್ಟರಿಗೆ ಅವನು ಮಾಡುವ ಕೆಲಸ ಏನೆಂದು ಮೊದಲು ಹೇಳಿ. ಈ ಲೇಖನದಲ್ಲಿ ಫಾರ್ವರ್ಡ್ ಮಾಡಲು ಯೋಗ್ಯವಾದ ಭಾಗ ಯಾವುದೆಂದು ಕೇಳಿದರೆ ನಾವು ಇದನ್ನೇ ತೋರಿಸುತ್ತೇವೆ.

ಹೆಲಿಕಾಪ್ಟರಿನಿಂದ ಕಾರಿಗೆ

ಫಿಲ್ಮ್ ಹುಟ್ಟಿದ್ದು ಕಾರಿಗಾಗಿ ಅಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಹೆಲಿಕಾಪ್ಟರುಗಳ ರೆಕ್ಕೆಗಳು ಮರಳು, ಕಲ್ಲುಚೂರು ಬಡಿದು ಸವೆಯುತ್ತಿದ್ದವು. ತ್ರೀಎಂ ಕಂಪನಿ ಅದಕ್ಕೆ ಪಾಲಿಯುರಿಥೇನ್ ಹಾಳೆ ಅಂಟಿಸುವ ಉಪಾಯ ಮಾಡಿತು. ಅಲ್ಲಿಂದ ರೇಸ್ ಕಾರು, ಆಮೇಲೆ ದುಬಾರಿ ಕಾರು, ಈಗ ಹಾವೇರಿ ಜಿಲ್ಲೆಯ ರಸ್ತೆಗೂ ಬಂದಿದೆ.

ಕೆಲಸ ಮಾಡುವ ರೀತಿ ಸರಳ. ಕಾರಿನ ಮೂಲ ಬಣ್ಣದ ಎಲ್ಲ ಪದರ ಸೇರಿದರೂ ದಪ್ಪ ಸುಮಾರು 100ರಿಂದ 120 ಮೈಕ್ರಾನ್. ಮೇಲಿನ ಗಾಜಿನಂಥ ಪದರ ಗಟ್ಟಿ, ಕಲ್ಲು ಬಡಿದರೆ ಚಕ್ಕೆ ಏಳುತ್ತದೆ. ಫಿಲ್ಮ್ ಸುಮಾರು 150ರಿಂದ 200 ಮೈಕ್ರಾನ್, ಮೇಲಾಗಿ ಮೆದು. ಪಾಲಿಯುರಿಥೇನ್ ಸರಪಳಿಯಲ್ಲಿ ಗಟ್ಟಿ ತುಂಡು, ಮೆತ್ತನೆ ತುಂಡು ಒಂದಾದ ಮೇಲೊಂದು ಬರುತ್ತವೆ. ಕಲ್ಲು ಬಿದ್ದಾಗ ಮೆತ್ತನೆಯದು ಹಿಗ್ಗಿ ಪೆಟ್ಟನ್ನು ಹರಡುತ್ತದೆ, ಗಟ್ಟಿಯದು ಹರಿಯದಂತೆ ಹಿಡಿಯುತ್ತದೆ. ಸೆರಾಮಿಕ್ ಕೋಟಿಂಗ್ ಇದರ ಬದಲಿ ಎನ್ನುವುದು ತಪ್ಪು. ಅದು ಕೆಲವೇ ಮೈಕ್ರಾನ್‌ನಷ್ಟು ತೆಳು, ನೀರು ಜಾರಿಸುತ್ತದೆ, ಕಲ್ಲು ತಡೆಯುವುದಿಲ್ಲ.

ವಿಡಿಯೋದ ಮ್ಯಾಜಿಕ್ ಸುಳ್ಳಲ್ಲ, ಆದರೆ ಅರ್ಧ ಸತ್ಯ. ಫಿಲ್ಮ್‌ನ ಮೇಲ್ಪದರ ಒತ್ತಡಕ್ಕೆ ತಗ್ಗಿದ್ದರೆ ಬಿಸಿ ತಾಗಿದಾಗ ಮೊದಲಿನ ಆಕಾರಕ್ಕೆ ಬರುತ್ತದೆ, ಹಾಗಾಗಿ ಒರೆಸುವ ಬಟ್ಟೆಯ ಸಣ್ಣ ಗೀರು ಮಾಯವಾಗುತ್ತದೆ. ಚೂಪಾದ ವಸ್ತು ಸರಪಳಿಯನ್ನೇ ಕತ್ತರಿಸಿದ್ದರೆ ಯಾವ ಬಿಸಿನೀರೂ ಕೂಡಿಸದು.

ಜೀವಮಾನ ಎನ್ನುವುದಂತೂ ಮಾರಾಟದ ಮಾತು. ಹರಿದ ಸೀಟಿನ ಸ್ಪಂಜು ಬಿಸಿಲಿಗೆ ಹಳದಿಯಾಗಿ ಪುಡಿಯಾಗುವುದನ್ನು ನೋಡಿದ್ದೀರಲ್ಲ, ಅದರ ಐಸೊಸಯನೇಟ್‌ನಲ್ಲಿ ಬೆಂಜೀನ್ ಉಂಗುರ ಇರುತ್ತದೆ, ಅದು ನೇರಳಾತೀತ ಕಿರಣ ಹೀರಿ ಬಣ್ಣಗೆಡುತ್ತದೆ. ಒಳ್ಳೆಯ ಫಿಲ್ಮ್‌ಗೆ ಆ ಉಂಗುರ ಇಲ್ಲದ ಅಲಿಫ್ಯಾಟಿಕ್ ಬಗೆಯನ್ನು ಬಳಸುತ್ತಾರೆ. ಅಗ್ಗದಲ್ಲಿ ಸಿಗುವ ಕೆಲವು ಹಾಳೆ ಪಾಲಿಯುರಿಥೇನೇ ಅಲ್ಲ, ಪಿವಿಸಿ. ಅದು ಬೇಗ ಗಡುಸಾಗಿ ಹಳದಿಯಾಗುತ್ತದೆ. ಕೊಳ್ಳುವಾಗ ಅಲಿಫ್ಯಾಟಿಕ್ ಟಿಪಿಯು ಹೌದೇ, ಹಳದಿಯಾದರೆ ವಾರಂಟಿ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ.

ಒಟ್ಟೊ ಬಾಯರ್ ಇದರಲ್ಲಿ ಅಷ್ಟಿಷ್ಟನ್ನು ಕಣ್ಣಾರೆ ಕಂಡರು. 1960ರಲ್ಲಿ ಜರ್ಮನಿಯ ದೊಡ್ಡ ಗೌರವವಾದ ವೆರ್ನರ್ ಫಾನ್ ಸೀಮೆನ್ಸ್ ಉಂಗುರ ಬಂತು. 1967ರಲ್ಲಿ ಡ್ಯುಸೆಲ್‌ಡಾರ್ಫ್ ಮೇಳದಲ್ಲಿ ಅವರ ಕಂಪನಿ ಬಿಎಂಡಬ್ಲ್ಯು ಜೊತೆ ಸೇರಿ ಮೈಯೆಲ್ಲ ಪ್ಲಾಸ್ಟಿಕ್ ಆದ ಕಾರನ್ನು ನಿಲ್ಲಿಸಿತು. 1975ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಪದಕ. ನೊಬೆಲ್ ಬರಲಿಲ್ಲ. 1982ರ ಆಗಸ್ಟ್ 1ರಂದು, ಲೆವರ್‌ಕುಸೆನ್ ಪಕ್ಕದ ಬುರ್ಶೈಡ್ ಊರಿನಲ್ಲಿ ತೀರಿಕೊಂಡರು. 2015ರಲ್ಲಿ ಬೇಯರ್ ಕಂಪನಿ ಪಾಲಿಯುರಿಥೇನ್ ವ್ಯವಹಾರವನ್ನೇ ಕೊವೆಸ್ಟ್ರೊ ಎಂಬ ಬೇರೆ ಕಂಪನಿ ಮಾಡಿ ಬಿಟ್ಟಿತು. ಹೀಗೆ ಬೇಯರ್ ಹೆಸರಿನ ಕಂಪನಿಯಲ್ಲಿ ಈ ಬಾಯರ್ ಅವರ ವಸ್ತು ಇಲ್ಲದಂತಾಯಿತು.

ಹಾಗಾದರೆ ಹಾಕಿಸಬೇಕೇ? ದಿನವೂ ಹೆದ್ದಾರಿ ಹಿಡಿದು ಹುಬ್ಬಳ್ಳಿಗೆ ಹೋಗುವ ಶಿಗ್ಗಾಂವಿಯವರಿಗೆ ಮುಂದಿನ ಬಂಪರ್, ಬಾನೆಟ್, ಕನ್ನಡಿಯ ಬೆನ್ನು, ಬಾಗಿಲ ಹಿಡಿಕೆಯ ಗುಂಡಿ, ಇಷ್ಟಕ್ಕೆ ಹಾಕಿಸುವುದು ಲೆಕ್ಕಕ್ಕೆ ಸರಿ ಎಂಬುದು ನಮ್ಮ ಅಭಿಪ್ರಾಯ. ಸವಣೂರಿನೊಳಗೇ ಸುತ್ತುವ ಕಾರಿಗೆ ನೆರಳು ಮತ್ತು ಸ್ವಚ್ಛ ನೀರು ಸಾಕು. ಹಿಂದೆ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿದ ಭಾಗಕ್ಕೆ ಅಂಟಿಸಿದರೆ ತೆಗೆಯುವಾಗ ಬಣ್ಣವೂ ಎದ್ದು ಬರಬಹುದು, ಮೊದಲೇ ಹೇಳಿ. ಫಿಲ್ಮ್ ಇದೆ ಎಂದು ಹಕ್ಕಿ ಹಿಕ್ಕೆಯನ್ನು ವಾರಗಟ್ಟಲೆ ಬಿಡಬೇಡಿ, ಅದು ಫಿಲ್ಮ್‌ಗೂ ಕಲೆ ಮಾಡುತ್ತದೆ. ಹಳೆಯ ಫಿಲ್ಮ್ ಕಿತ್ತ ಮೇಲೆ ಆ ಚೂರುಗಳನ್ನು, ಹರಿದ ಸೀಟಿನ ಸ್ಪಂಜನ್ನು ಗ್ಯಾರೇಜಿನ ಹಿಂದೆ ಸುಡಲು ಬಿಡಬೇಡಿ. ಪಾಲಿಯುರಿಥೇನ್ ಉರಿದರೆ ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್ ಇರುತ್ತದೆ.