ಆಚಾರ್ಯ ಪರಮಾರ್ಥರು

ಉಜ್ಜಯಿನಿ ಎಂದೊಡನೆ ಮಹಾಕಾಲನ ದೇಗುಲವೂ ಕಾಳಿದಾಸನೂ ನೆನಪಿಗೆ ಬರುವರಲ್ಲದೆ, ಅದೇ ನಗರದಲ್ಲಿ ಕ್ರಿ. ಶ. ೪೯೯ರಲ್ಲಿ ಬ್ರಾಹ್ಮಣಕುಲವೊಂದರಲ್ಲಿ ಜನಿಸಿ ಬೌದ್ಧಭಿಕ್ಷುವಾದ ಪರಮಾರ್ಥರು ನೆನಪಾಗುವುದು ವಿರಳ. ತಾಯ್ನಾಡು ಮರೆತ ಈ ಹೆಸರನ್ನು ಚೀನದೇಶ ಉಳಿಸಿಕೊಂಡಿತು. ಅಲ್ಲಿ ಅವರು ತಮ್ಮ ಹೆಸರಿನ ಅರ್ಥವನ್ನೇ ಹೊತ್ತ ‘ಝೆಂದಿ’ ಎಂಬ ನಾಮದಿಂದ ಪ್ರಸಿದ್ಧರು.

ಆ ಕಾಲದಲ್ಲಿ ದಕ್ಷಿಣಚೀನವನ್ನು ಆಳುತ್ತಿದ್ದ ಲಿಯಾಂಗ್ ವಂಶದ ವೂ ಚಕ್ರವರ್ತಿ ಬೌದ್ಧಧರ್ಮದಲ್ಲಿ ಅಪಾರ ಶ್ರದ್ಧೆಯುಳ್ಳವನು. ಪಂಡಿತರನ್ನೂ ಗ್ರಂಥಗಳನ್ನೂ ಅರಸುತ್ತ ಅವನ ದೂತರು ಇಂದಿನ ಕಾಂಬೋಡಿಯದ ಕಡೆಯಿದ್ದ ಫೂನಾನ್ ರಾಜ್ಯಕ್ಕೆ ಬಂದಾಗ, ಅಲ್ಲಿದ್ದ ಪರಮಾರ್ಥರನ್ನು ಅವರೊಡನೆ ಕಳುಹಲಾಯಿತು. ೫೪೬ರಲ್ಲಿ ಅವರು ತಾಳೆಗರಿಯ ಗ್ರಂಥಗಳೊಡನೆ ಚೀನದ ದಕ್ಷಿಣತೀರದಲ್ಲಿಳಿದರು. ೫೪೮ರಲ್ಲಿ, ಇಂದಿನ ನಾನ್‌ಜಿಂಗ್ ಆಗಿರುವ ಜಿಯಾನ್‌ಕಾಂಗ್ ರಾಜಧಾನಿಯನ್ನು ಸೇರಿದರು. ಚಕ್ರವರ್ತಿ ಅವರನ್ನು ಸ್ವತಃ ಗೌರವಿಸಿದನು. ಆದರೆ ಅದೇ ವರ್ಷ ಹೌ ಜಿಂಗ್ ಎಂಬ ಸೇನಾನಿ ದಂಗೆಯೆದ್ದು ರಾಜಧಾನಿಗೆ ಮುತ್ತಿಗೆ ಹಾಕಿದನು. ೫೪೯ರಲ್ಲಿ ಅರಮನೆ ಬಿದ್ದು, ೮೫ರ ವೃದ್ಧ ಚಕ್ರವರ್ತಿ ಸೆರೆಯಲ್ಲಿಯೇ ಪ್ರಾಣಬಿಟ್ಟನು. ಕರೆಸಿದ ದೊರೆಯೇ ಇಲ್ಲದ ಮೇಲೆ ಅತಿಥಿಗೆ ಆಶ್ರಯವೆಲ್ಲಿ?

ಪರಮಾರ್ಥರು ಪೂರ್ವದ ಫೂಚುನ್‌ಗೆ ಹೋದರು. ಅಲ್ಲಿನ ಅಧಿಕಾರಿಯೊಬ್ಬನ ನೆರವಿನಿಂದ ಇಪ್ಪತ್ತಕ್ಕೂ ಹೆಚ್ಚು ಭಿಕ್ಷುಗಳನ್ನು ಕೂಡಿಕೊಂಡು ಅನುವಾದಕ್ಕೆ ತೊಡಗಿದರು. ಗಲಭೆ ಅಲ್ಲಿಗೂ ಹಬ್ಬಿದ್ದರಿಂದ ಕೈಗೊಂಡ ಗ್ರಂಥ ಅರ್ಧಕ್ಕೇ ನಿಂತಿತು. ೫೫೨ರಲ್ಲಿ ರಾಜಧಾನಿಗೆ ಮರಳಿ ಸುವರ್ಣಪ್ರಭಾಸಸೂತ್ರವನ್ನು ಅನುವಾದಿಸಿದರು. ಆಮೇಲಿನದು ಊರಿಂದೂರಿಗೆ ಅಲೆದಾಟ. ೫೫೭ರಲ್ಲಿ ಲಿಯಾಂಗ್ ವಂಶವೇ ಅಳಿದು ಚೆನ್ ವಂಶ ಬಂದಿತು. ಈ ಅಲೆದಾಟದ ಬದುಕಿನಲ್ಲಿ ಅವರು ಈಶ್ವರಕೃಷ್ಣನ ಸಾಂಖ್ಯಕಾರಿಕೆಯನ್ನು ವ್ಯಾಖ್ಯಾನಸಹಿತ ಚೀನೀ ಭಾಷೆಗೆ ತಂದುದು ಗಮನಾರ್ಹ. ಪರಮತದ ಶಾಸ್ತ್ರವನ್ನೂ ಶಿಷ್ಯರಿಗೆ ಬಿಡಿಸಿ ಹೇಳಬಲ್ಲ ಆಚಾರ್ಯರು ಎಲ್ಲ ಕಾಲದಲ್ಲಿಯೂ ಕೆಲವರೇ. ಆ ವ್ಯಾಖ್ಯಾನದ ಸಂಸ್ಕೃತಮೂಲ ನಷ್ಟವಾಗಿ, ೧೯೪೪ರಲ್ಲಿ ಅಯ್ಯಾಸ್ವಾಮಿ ಶಾಸ್ತ್ರಿಗಳು ಪರಮಾರ್ಥರ ಚೀನೀ ಪಾಠದಿಂದಲೇ ಅದನ್ನು ಮತ್ತೆ ಸಂಸ್ಕೃತಕ್ಕೆ ತಿರುಗಿಸಬೇಕಾಯಿತು.

ಉದ್ದೇಶ ಕೈಗೂಡಲಿಲ್ಲವೆಂಬ ಕೊರಗು ಆಚಾರ್ಯರನ್ನು ಬಿಡಲಿಲ್ಲ. ಹಲವು ಸಲ ಹೊರಡಲೆಳಸಿದರೂ ಶಿಷ್ಯರು ತಡೆದರು. ಕಡೆಗೆ ೫೬೨ರಲ್ಲಿ ಪಶ್ಚಿಮಕ್ಕೆ ಹೊರಟ ಹಡಗನ್ನೇರಿಯೇಬಿಟ್ಟರು. ಬಿರುಗಾಳಿ ಹಡಗನ್ನು ಹಿಂದಕ್ಕೆ ತಳ್ಳಿ ಗುವಾಂಗ್‌ಝೌ ನಗರಕ್ಕೆ ತಂದು ಮುಟ್ಟಿಸಿತು. ವಿಧಿಯ ಇಚ್ಛೆಯೆಂದು ಬಗೆದ ಆಚಾರ್ಯರು ಅಲ್ಲಿನ ಪ್ರಾಂತಾಧಿಪತಿಯ ಬಿನ್ನಹವನ್ನು ಒಪ್ಪಿ ನೆಲಸಿದರು. ಅವರ ಜೀವನದ ಸಾರವೆಲ್ಲ ಮುಂದಿನ ಈ ಆರೇಳು ವರ್ಷಗಳಲ್ಲಿದೆ. ಅಸಂಗನ ಮಹಾಯಾನಸಂಗ್ರಹವನ್ನೂ ಅದಕ್ಕೆ ವಸುಬಂಧು ಬರೆದ ಭಾಷ್ಯವನ್ನೂ, ಬಳಿಕ ವಸುಬಂಧುವಿನ ಅಭಿಧರ್ಮಕೋಶವನ್ನೂ ಅನುವಾದಿಸಿದರು. ಅಷ್ಟು ಹೊತ್ತಿಗೆ ಚೀನೀ ಭಾಷೆ ಅವರಿಗೆ ಕರಗತವಾಗಿತ್ತು. ನಡುವೆ ದುಭಾಷಿ ಬೇಕಿರಲಿಲ್ಲ. ಒಂದೊಂದು ವಾಕ್ಯವನ್ನೂ ತೂಗಿ ಚರ್ಚಿಸಿ ನಿರ್ಣಯವಾದ ಮೇಲೆಯೇ ಶಿಷ್ಯ ಹುಯಿಕಾಯ್ ಬರೆದುಕೊಳ್ಳುತ್ತಿದ್ದನು. ಮುಗಿದ ಕೋಶವನ್ನು ಗುರುಶಿಷ್ಯರು ೫೬೬ರಲ್ಲಿ ಮೊದಲಿನಿಂದ ತಿದ್ದಲಾರಂಭಿಸಿದರು.

ಆದರೂ ಮನಸ್ಸು ಜರ್ಝರಿತವಾಗಿತ್ತು. ೫೬೮ರ ಬೇಸಗೆಯಲ್ಲಿ ಪ್ರಾಣವನ್ನೇ ತೊರೆಯುವೆನೆಂದು ಆಚಾರ್ಯರು ನಗರದ ಉತ್ತರದ ಬೆಟ್ಟಗಳಿಗೆ ಹೊರಟುಹೋದರು. ಹುಯಿಕಾಯ್ ಪಾಠವನ್ನು ಬಿಟ್ಟು ಓಡಿದನು. ಭಿಕ್ಷುಗಳೂ ಗೃಹಸ್ಥರೂ ಹಿಂಡುಹಿಂಡಾಗಿ ಬಂದರು. ಪ್ರಾಂತಾಧಿಪತಿ ನೆಲಕ್ಕೆ ಹಣೆಮುಟ್ಟಿಸಿ ಬೇಡಿಕೊಂಡನು. ಮೂರು ದಿನಗಳ ಮೇಲೆ ಹಿಂದಿರುಗಿದರು. ಅವರನ್ನು ರಾಜಧಾನಿಗೆ ಕರೆದೊಯ್ಯಬೇಕೆಂದು ಶಿಷ್ಯರು ಬಯಸಿದರೆ, ತಮ್ಮ ಕೀರ್ತಿ ಕುಂದೀತೆಂದು ಅಂಜಿದ ಅಲ್ಲಿನ ಹಿರಿಯ ಭಿಕ್ಷುಗಳು, ಈ ಹೊಸ ಸಿದ್ಧಾಂತ ರಾಜ್ಯಾಡಳಿತಕ್ಕೆ ಬಾಧಕವೆಂದು ದೊರೆಗೆ ಅರಿಕೆಮಾಡಿ ದಾರಿಯನ್ನು ಮುಚ್ಚಿಸಿದರು. ಹೊರಗಿನ ದಂಗೆಗಿಂತಲೂ ಸಧರ್ಮೀಯರ ಈ ಮತ್ಸರ ಕ್ರೂರವಾದುದೆನ್ನಬೇಕು.

ಅದೇ ವರ್ಷ ಹುಯಿಕಾಯ್ ರೋಗದಿಂದ ತೀರಿಕೊಂಡನು. ಆಚಾರ್ಯರ ಶೋಕಕ್ಕೆ ಮೇರೆಯಿಲ್ಲವಾಯಿತು. ಎರಡು ಶಾಸ್ತ್ರಗಳೂ ತಮ್ಮೊಡನೆಯೇ ಅಳಿದಾವೆಂಬ ಭಯದಿಂದ ಅವರು ಫಾಝುನ್ ಮೊದಲಾದ ಹನ್ನೆರಡು ಶಿಷ್ಯರನ್ನು ಕೂಡಿಸಿ, ಧೂಪಾಗ್ನಿಯನ್ನು ಕೈಯಿಂದ ಕೈಗೆ ದಾಟಿಸಿ, ಇವು ಕಡಿಯದಂತೆ ಬೋಧಿಸುವೆವೆಂಬ ಪ್ರತಿಜ್ಞೆಯನ್ನು ಪಡೆದರು. ಶಿಷ್ಯನು ನಡುವೆ ಬಿಟ್ಟುಹೋದ ಕೋಶದ ಪಾಠವನ್ನು ಎಪ್ಪತ್ತರ ಗುರುಗಳು ತಾವೇ ಮುಂದುವರಿಸಿ, ಹಾಸಿಗೆ ಹಿಡಿಯುವವರೆಗೂ ಹೇಳಿದರು. ೫೬೯ರ ಮೊದಲ ತಿಂಗಳಲ್ಲಿ ದೇಹವಿಟ್ಟರು. ಅನುವಾದವಾಗದ ತಾಳೆಗರಿಗಳು ೨೪೦ ಕಟ್ಟು ಉಳಿದಿದ್ದವೆಂದು ಚೀನೀ ಚರಿತ್ರಕಾರರು ಬರೆದಿಟ್ಟಿದ್ದಾರೆ.

೫೭೪ರಲ್ಲಿ ಉತ್ತರಚೀನದ ಝೌ ದೊರೆ ಬೌದ್ಧಧರ್ಮವನ್ನು ನಿಷೇಧಿಸಿದನು. ೫೭೭ರಲ್ಲಿ ಅವನು ನೆರೆಯ ಛಿ ರಾಜ್ಯವನ್ನು ಗೆದ್ದಾಗ ನಿಷೇಧ ಅಲ್ಲಿಗೂ ಹರಡಿತು. ಆಗ ದಕ್ಷಿಣಕ್ಕೆ ಓಡಿಬಂದ ತಾನ್‌ಛಿಯನ್ ಎಂಬ ಭಿಕ್ಷುವಿಗೆ ಮಹಾಯಾನಸಂಗ್ರಹದ ಪ್ರತಿಯೊಂದು ದೊರೆಯಿತು. ಕೇಡುಗಾಲ ಕಳೆದ ಮೇಲೆ ಅವನು ಅದನ್ನು ಉತ್ತರಕ್ಕೆ ಒಯ್ದನು. ೫೮೭ರಲ್ಲಿ ಸುಯ್ ಚಕ್ರವರ್ತಿಯ ಆಹ್ವಾನದ ಮೇರೆಗೆ ಚಾಂಗಾನ್ ರಾಜಧಾನಿಗೆ ಹೋದಾಗ, ಆ ಪಾಠವನ್ನು ಕೇಳಲು ನೂರಾರು ವಿದ್ವಾಂಸರು ನೆರೆದರು.