ಗಾಮಾನ ಖುರಾಕಿನ ಖರ್ಚು ಕೊಟ್ಟವರು ಯಾರು?

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಹುಡುಗ ಸ್ವಲ್ಪ ಮೈ ಕೈ ತುಂಬಿಕೊಂಡರೆ ಸಾಕು, ಗಾಮಾ ಪೈಲ್ವಾನ್ ಆಗ್ಯಾನ ನೋಡು ಅಂತ ಚೇಷ್ಟೆ ಮಾಡ್ತಾರೆ. ಗಾಮಾನ ತೋಳು ಎಲ್ಲರಿಗೂ ನೆನಪಿದೆ. ಆ ತೋಳಿಗೆ ಅನ್ನ ಹಾಕಿದ್ದು ಯಾರು ಅನ್ನೋದು ಮರೆತುಹೋಗಿದೆ.

ಗುಲಾಂ ಮೊಹಮ್ಮದ್, ಅಂದ್ರೆ ಗಾಮಾ, ಹುಟ್ಟಿದ್ದು 1878ರಲ್ಲಿ, ಪಂಜಾಬಿನ ಕುಸ್ತಿ ಮನೆತನದಲ್ಲಿ. ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು. 1888ರಲ್ಲಿ ಜೋಧಪುರದಲ್ಲಿ ಬೈಠಕ್ ಸ್ಪರ್ಧೆ ನಡೆಯಿತು. ನಾಲ್ಕು ನೂರಕ್ಕೂ ಹೆಚ್ಚು ಪೈಲ್ವಾನರ ನಡುವೆ ಕೊನೆತನಕ ಉಳಿದವರಲ್ಲಿ ಹತ್ತು ವರ್ಷದ ಈ ಪೋರನೂ ಒಬ್ಬ. ದತಿಯಾ ಸಂಸ್ಥಾನದ ಮಹಾರಾಜ ಅವನ ತಾಲೀಮಿನ ಜವಾಬ್ದಾರಿ ಹೊತ್ತ. ತಾಲೀಮು ಅಂದ್ರೆ ಬರೀ ಮಣ್ಣು ಅಗೆಯೋದು, ದಂಡ ಹೊಡೆಯೋದು ಅಲ್ಲ. ಅದರ ಅರ್ಧ ಭಾಗ ಖುರಾಕು. ಮೊದಲು ಹಾಲು, ಬಾದಾಮಿ, ಹಣ್ಣಿನ ರಸ. ಹದಿನೈದರ ಹೊತ್ತಿಗೆ ಮಾಂಸ, ತುಪ್ಪ, ಎಲುಬಿನ ಸಾರು.

ದಿನಕ್ಕೆ ಹತ್ತು ಲೀಟರ್ ಹಾಲು ಕುಡೀತಿದ್ದ ಅನ್ನೋ ಕಥೆ ಇದೆ. ಕಥೆಗೆ ಜನರೂ ಸ್ವಲ್ಪ ನೀರು ಬೆರೆಸಿರಬಹುದು. ಆದರೂ ನನ್ನ ಹಳೇ ಇಂಜಿನಿಯರಿಂಗ್ ಚಟ ಬಿಡದು, ಲೆಕ್ಕ ಹಾಕಿದೆ. ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 32 ಗ್ರಾಂ ಪ್ರೋಟೀನ್, ಹತ್ತು ಲೀಟರಿಗೆ 320. ಇವತ್ತಿನ ಕ್ರೀಡಾ ಪೋಷಣೆಯ ಲೆಕ್ಕದಲ್ಲಿ ಕಸರತ್ತು ಮಾಡುವ 90 ಕೆಜಿ ಆಳಿಗೆ 180 ಗ್ರಾಂ ಸಾಕು. ಅರ್ಧ ಕಥೆ ನಿಜವಾದರೂ ಸ್ನಾಯು ಕಟ್ಟೋಕೆ ಧಾರಾಳ. ಸಾವಿರಾರು ಬೈಠಕ್ ಹೊಡೆಯೋ ಶಕ್ತಿಯೂ ಆ ಬಟ್ಟಲಿನಿಂದಲೇ ಬರಬೇಕು. ತಿನ್ನದೆ ತಾಲೀಮು ಮಾಡಿದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ.

1910ರಲ್ಲಿ ಲಂಡನ್ನಿಗೆ ಹೋದ. ಎತ್ತರ ಸಾಲದು ಅಂತ ಪಂದ್ಯಕ್ಕೆ ಸೇರಿಸಲಿಲ್ಲ. ಬಹಿರಂಗ ಸವಾಲು ಹಾಕಿದ, ಅಮೆರಿಕದ ರೋಲರನನ್ನು ಕೆಡವಿದ. ಪೋಲೆಂಡಿನ ಝ್ಬಿಸ್ಕೊ ಎರಡೂವರೆ ಗಂಟೆ ಮ್ಯಾಟಿಗೆ ಅಂಟಿಕೊಂಡು ಮಲಗಿ ಡ್ರಾ ಮಾಡಿಕೊಂಡ. ಮರುಪಂದ್ಯದ ದಿನ ಬರಲೇ ಇಲ್ಲ, ಜಾನ್ ಬುಲ್ ಬೆಲ್ಟ್ ಗಾಮಾನಿಗೆ ಸಿಕ್ಕಿತು. 1928ರಲ್ಲಿ ಪಟಿಯಾಲದಲ್ಲಿ ಅದೇ ಝ್ಬಿಸ್ಕೊ ಒಂದು ನಿಮಿಷದೊಳಗೆ ನೆಲ ಕಂಡ. ಗಾಮಾನಿಗೆ ಆಗ ಐವತ್ತು ಸಮೀಪ. ಆಗ ಆಸರೆಯಾಗಿದ್ದದ್ದು ಪಟಿಯಾಲದ ಅರಮನೆ.

ನಮ್ಮ ಕಡೆ ಅರಮನೆ ಎಲ್ಲಿದೆ? ವಾಡಿಯಲ್ಲಿ ಸಿಮೆಂಟು, ಶಹಾಬಾದಿನಲ್ಲಿ ಕಲ್ಲು, ಉಳಿದ ಕಡೆ ತೊಗರಿ. ಗಣಿ ಕೂಲಿಯವನ ಮಗ ಓಡಬೇಕಂದ್ರೆ ಅವನ ಖುರಾಕಿನ ಖರ್ಚು ಕೊಡಬೇಕಾದ್ದು ಸರ್ಕಾರ. 2021ರ ಡಿಸೆಂಬರಿನಲ್ಲಿ ಕಲಬುರಗಿ ಸೇರಿ ಏಳು ಜಿಲ್ಲೆಯ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಬೀದಿಗಿಳಿದರು. ಆರು ಗ್ರಾಂ ಪ್ರೋಟೀನಿಗೆ ಇಷ್ಟು ಗದ್ದಲ! ಬೇಡ ಅನ್ನೋ ಮಕ್ಕಳಿಗೆ ಬಾಳೆಹಣ್ಣು ಇತ್ತು ಅನ್ನೋದನ್ನೂ ಆ ಗದ್ದಲದಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.

1947ರ ಹೊತ್ತಿಗೆ ಗಾಮಾ ಲಾಹೋರಿನಲ್ಲಿದ್ದ. ದಂಗೆಯ ದಿನಗಳಲ್ಲಿ ನೆರೆಮನೆಯ ಹಿಂದೂಗಳ ಮುಂದೆ ನಿಂತು ಗುಂಪನ್ನು ಹಿಂದಕ್ಕಟ್ಟಿದ. ಅಷ್ಟರಲ್ಲಿ ಅವನನ್ನು ಸಾಕಿದ ಸಂಸ್ಥಾನಗಳೇ ಇತಿಹಾಸ ಸೇರುತ್ತಿದ್ದವು. ಹಾಲು ಬಾದಾಮಿ ಹೋಗಲಿ, ಕೊನೆಗಾಲದಲ್ಲಿ ಔಷಧಿಗೂ ಕಷ್ಟ. ಗಡಿಯಾಚೆಯಿಂದ ಬಿರ್ಲಾ ಹಣ ಕಳಿಸಿದರು. 1960ರ ಮೇ 23ರಂದು ಲಾಹೋರಿನಲ್ಲಿ ತೀರಿಕೊಂಡ.